ಮೀನು ಸರಿ, ಲೆಕ್ಕ ತಪ್ಪು

ಉಡುಪಿ ಕಡೆಯ ಪ್ರೇಕ್ಷಕ ದೊಡ್ಡ ಸುಳ್ಳನ್ನು ಸುಲಭವಾಗಿ ಕ್ಷಮಿಸುತ್ತಾನೆ. ದೈವ ಕಾಡಿನೊಳಗೆ ಮಾಯವಾದರೆ ಅವನ ತಕರಾರಿಲ್ಲ. ಜೂನ್-ಜುಲೈಯ ನಿಷೇಧದ ದಿನಗಳಲ್ಲಿ ಮಲ್ಪೆಯ ಟ್ರಾಲ್‌ಬೋಟು ಸಮುದ್ರಕ್ಕಿಳಿದರೆ ಮಾತ್ರ ಪಕ್ಕದವನ ಕಡೆ ತಿರುಗಿ ನಗುತ್ತಾನೆ. ನಾಯಕ-ನಾಯಕಿ ನಡುಮಧ್ಯಾಹ್ನ ಕಾಪು ದೀಪಸ್ತಂಭದ ತುದಿಯಲ್ಲಿ ನಿಂತು ಹಾಡಿದರೂ ಅಷ್ಟೆ. 1901ರ ಆ ಸ್ತಂಭದ ಮೆಟ್ಟಿಲು ಜನರಿಗೆ ತೆರೆಯುವುದು ಸಂಜೆಯ ಒಂದಿಷ್ಟು ಹೊತ್ತು ಮಾತ್ರ ಎಂಬುದು ಅವನಿಗೆ ಗೊತ್ತು.

ಕಳೆದ ಹತ್ತು-ಹನ್ನೆರಡು ವರ್ಷಗಳ ಕರಾವಳಿ ಸಿನಿಮಾ ಬೆಳೆದದ್ದು ಈ ನಗೆಗೆ ಹೆದರಿಯೇ. ಅದಕ್ಕೂ ಮೊದಲು ಬೆಂಗಳೂರಿನ ಚಿತ್ರಗಳಲ್ಲಿ ನಮ್ಮವರೆಂದರೆ ಹೋಟೆಲಿನ ಭಟ್ಟರು. ‘ಎಂಥದು ಮಾರಾಯ್ರೆ’ ಎಂದು ಒಂದೆರಡು ಸಲ ಹೇಳಿ ನಗಿಸಿ ಹೋಗುವವರು. 2014ರಲ್ಲಿ ರಕ್ಷಿತ್ ಶೆಟ್ಟಿಯವರ ‘ಉಳಿದವರು ಕಂಡಂತೆ’ ಬಂದಾಗ ಅದೇ ಮಾತಿನ ಧಾಟಿಯಲ್ಲಿ ಜನ ಅಳುವುದನ್ನು, ಹೆದರಿಸುವುದನ್ನು, ಪ್ರೀತಿಸುವುದನ್ನು ಕಂಡೆವು. ಆ ಚಿತ್ರದ ಕಥೆಯಲ್ಲಿ ಕಾಕತಾಳೀಯಗಳು ಧಾರಾಳ. ಎಲ್ಲರ ದಾರಿಯೂ ಅಷ್ಟಮಿಯ ಹೊತ್ತಿಗೇ ಬಂದು ಕೂಡಬೇಕು. ರಿಚ್ಚಿಯ ನಡೆ-ನುಡಿಯಂತೂ ಪೂರ್ತಿ ಸಿನಿಮಾದ್ದು. ಆದರೂ ಮುಂಬೈಯಿಂದ ಮರಳಿದ ಮಗನ ಎದುರು ತಾರಾ ಅವರ ರತ್ನಕ್ಕ ನಿಲ್ಲುವ ರೀತಿಯಲ್ಲಿ ಸುಳ್ಳಿಲ್ಲ. ಮುಂಬೈಗೆ ಹೋದವರಿಗಾಗಿ ಕಾಯದ ಮನೆ ಈ ಕಡೆ ಕಡಿಮೆ.

ಇಲ್ಲಿ ಒಂದು ವಿಚಿತ್ರವಿದೆ. ಮಲ್ಪೆಯ ಮೀನುಗಾರ ಮನೆಯಲ್ಲಿ ತಾಯಿ-ಮಗ ಮಾತಾಡುವುದು ತುಳುವಿನಲ್ಲಿ. ಕಾಪು, ಕಾರ್ಕಳದಲ್ಲೂ ಮನೆಮಾತು ಹೆಚ್ಚಾಗಿ ತುಳು. ಉಳಿದಂತೆ ಕೊಂಕಣಿ, ಬ್ಯಾರಿ. ಬ್ರಹ್ಮಾವರ ದಾಟಿ ಉತ್ತರಕ್ಕೆ ಹೋದರೆ ಕುಂದಾಪ್ರ ಕನ್ನಡ ಕಿವಿಗೆ ಬೀಳುತ್ತದೆ. ಹಾಗಾಗಿ ಉಡುಪಿಯಿಂದ ತೆಂಕಣಕ್ಕೆ ನಡೆಯುವ ಪ್ರತಿಯೊಂದು ಕನ್ನಡ ಚಿತ್ರವೂ ಮೊದಲ ಮಾತಿನಲ್ಲೇ ವಾಸ್ತವವನ್ನು ಬಿಟ್ಟುಕೊಟ್ಟಿರುತ್ತದೆ. ಬಿ.ವಿ. ಕಾರಂತರ ‘ಚೋಮನ ದುಡಿ’ಯಿಂದಲೂ ಇದು ಹೀಗೇ. ಇದನ್ನು ಯಾರೂ ಕೇಳಿಲ್ಲ, ಕೇಳಬೇಕಾಗಿಯೂ ಇಲ್ಲ. ಕನ್ನಡದ ವಾಕ್ಯದೊಳಗೆ ತುಳುವಿನ ಉಸಿರಿದ್ದರೆ ಕಿವಿ ಒಪ್ಪುತ್ತದೆ.

ಆದರೆ ಕಿವಿ ಒಪ್ಪಿದ ಮಾತ್ರಕ್ಕೆ ವಿಮರ್ಶೆ ಒಪ್ಪಬೇಕೆಂದಿಲ್ಲ. 1975ರ ‘ಚೋಮನ ದುಡಿ’ಯಲ್ಲಿ ಸಣ್ಣ ಸಂಗತಿಗಳೇ ಕಥೆಯನ್ನು ಎಳೆಯುತ್ತವೆ. ತೀರದ ಸಾಲ, ಅದನ್ನು ತೀರಿಸಲು ಕಾಫಿ ತೋಟಕ್ಕೆ ಹೋಗುವ ಮಕ್ಕಳು, ಎತ್ತು ಇದ್ದೂ ಉಳಲು ಗದ್ದೆ ಸಿಗದ ಚೋಮ. ಯಾವುದನ್ನು ತೆಗೆದರೂ ಚಿತ್ರ ನಿಲ್ಲುವುದಿಲ್ಲ. ಗಿರೀಶ ಕಾಸರವಳ್ಳಿಯವರ ‘ಗುಲಾಬಿ ಟಾಕೀಸ್’ (2008) ಇನ್ನೂ ಸೂಕ್ಷ್ಮ. ವೈದೇಹಿಯವರ ಕಥೆಯ ಟಾಕೀಸು ಇಲ್ಲಿ ಡಿಶ್ ಆಂಟೆನಾ ಸಮೇತದ ಟಿ.ವಿ. ಆಗಿದೆ. ಸಿನಿಮಾ ಹುಚ್ಚಿನ ಸೂಲಗಿತ್ತಿ ಗುಲಾಬಿಗೆ ಹೆರಿಗೆ ಮಾಡಿಸಿದ್ದಕ್ಕೆ ಸಿಕ್ಕ ಟಿ.ವಿ. ಅದು. ಅದರ ಮುಂದೆ ನೆರೆಯ ಹೆಂಗಸರು ಕೂಡುತ್ತಾರೆ. ಅದೇ ಪರದೆಯಲ್ಲಿ ಕಾರ್ಗಿಲ್ ಯುದ್ಧವೂ ಬರುತ್ತದೆ. ಕೇರಿಯವರು ಅವಳ ಧರ್ಮವನ್ನು ನೆನಪಿಸಿಕೊಳ್ಳತೊಡಗುತ್ತಾರೆ. ಅಲ್ಲಿ ಟಿ.ವಿ. ಅಲಂಕಾರದ ಸಾಮಾನಲ್ಲ.

ಈಗ ‘ಕಾಂತಾರ’ (2022) ನೋಡಿ. ಶಿವನ ಅಮ್ಮನ ಬೈಗುಳ, ಅಡ್ಡೆಯಲ್ಲಿ ಕೂತ ಗೆಳೆಯರ ಪೋಕರಿ, ಕಂಬಳದ ಕೆಸರು ಎಲ್ಲವೂ ಅಚ್ಚುಕಟ್ಟು. ಆದರೆ ಚಿತ್ರ ತೆರೆಯುವುದು 1847ರಲ್ಲಿ, ರಾಜನೊಬ್ಬ ಜನರಿಗೆ ಕಾಡಿನ ಭೂಮಿ ಬಿಟ್ಟುಕೊಡುವುದರೊಂದಿಗೆ. 1799ರಲ್ಲಿ ಟಿಪ್ಪು ಬಿದ್ದ ಮೇಲೆ ಕರಾವಳಿಯ ಕಂದಾಯ ವಸೂಲಿ ಕಂಪೆನಿಯ ಕಲೆಕ್ಟರನದು; ಹಳೆಯ ಅರಸುಮನೆತನಗಳಿಗೆ ಉಳಿದದ್ದು ಪಟ್ಟದ ಗೌರವವಷ್ಟೆ. ದಂತಕಥೆ ಎಂದು ಇದನ್ನು ಬಿಡೋಣ. 1970ರಿಂದ ಚಿತ್ರ 1990ಕ್ಕೆ ಜಿಗಿಯುವುದನ್ನು ಮಾತ್ರ ಬಿಡಲಾಗದು. ಆ ಇಪ್ಪತ್ತು ವರ್ಷಗಳ ನಡುವೆ 1974ರ ಭೂಸುಧಾರಣೆ ಬಂತು, ಒಕ್ಕಲುಗಳು ಡಿಕ್ಲರೇಶನ್ ಕೊಟ್ಟರು, ಟ್ರಿಬ್ಯೂನಲ್‌ಗೆ ಅಲೆದರು, ಧಣಿ-ಒಕ್ಕಲು ಎಂಬ ಲೆಕ್ಕವೇ ಬದಲಾಯಿತು. ಭೂಮಿಯನ್ನೇ ಕುರಿತ ಚಿತ್ರದಲ್ಲಿ ಧಣಿಯ ಜಗಲಿಯ ಮೇಲೆ ಅದರ ನೆರಳು ಅಷ್ಟಾಗಿ ಬೀಳುವುದಿಲ್ಲ. ಸಣ್ಣ ಸತ್ಯಗಳು ಇಲ್ಲಿ ದೊಡ್ಡ ಸತ್ಯಕ್ಕೆ ಜಾಮೀನು ನಿಂತಿವೆ. ಮೀನಿನ ಸಾರು ಸರಿ ಇದೆ ಎಂದು ಬಿಲ್ಲು ನೋಡದೆ ದುಡ್ಡು ಕೊಟ್ಟು ಎದ್ದ ಹಾಗೆ. ನನ್ನ ದೂರು ಇರುವುದು ಇಲ್ಲೇ. ಈ ಪಂಥ ಸಣ್ಣ ಸಂಗತಿಗಳಲ್ಲಿ ಎಷ್ಟು ನುರಿತಿದೆಯೆಂದರೆ ದೊಡ್ಡದನ್ನು ತಪ್ಪಿಸಿಕೊಳ್ಳಲು ಅದನ್ನೇ ಬಳಸುತ್ತದೆ. ಹುಲಿವೇಷ ರಾಜ್ ಬಿ. ಶೆಟ್ಟಿಯವರ ‘ಗರುಡ ಗಮನ ವೃಷಭ ವಾಹನ’ದಲ್ಲಿ (2021) ಕೊಂದವನ ಮೈಯೊಳಗಿಂದಲೇ ಎದ್ದು ಬಂದಿತ್ತು. ಅನಂತರ ಅದನ್ನು ಕಂಡಲ್ಲೆಲ್ಲ ನನಗೆ ಊರಿನ ಬೋರ್ಡು ಕಂಡಂತಾಗುತ್ತದೆ.

2025ರ ‘ಸು ಫ್ರಮ್ ಸೋ’ ಈ ದಾರಿಯಿಂದ ಸ್ವಲ್ಪ ಹೊರಳಿತು. ಸಿಕ್ಕಿಬಿದ್ದ ಹುಡುಗನೊಬ್ಬ ತಪ್ಪಿಸಿಕೊಳ್ಳಲು ಮೈಮೇಲೆ ಪ್ರೇತ ಬಂದವನಂತೆ ನಟಿಸುತ್ತಾನೆ, ಊರು ನಂಬುತ್ತದೆ. ನಂಬಲಾಗದ ಎಳೆ. ಆದರೆ ಒಬ್ಬನ ಮನೆಯ ವಿಷಯಕ್ಕೆ ಇಡೀ ಊರೇ ಯಜಮಾನಿಕೆ ವಹಿಸಿಕೊಳ್ಳುವ ನಮ್ಮ ಹಳ್ಳಿಯ ಚಾಳಿಯೇ ಆ ಸುಳ್ಳನ್ನು ಬೆಳೆಸುತ್ತದೆ. ನಿರ್ದೇಶಕ ಜೆ.ಪಿ. ತುಮಿನಾಡು ಬಂದದ್ದು ರಂಗಭೂಮಿಯಿಂದ. ಗುಂಪಿನಲ್ಲಿ ಯಾರು ಯಾವಾಗ ಬಾಯಿ ಹಾಕುತ್ತಾರೆ ಎಂಬ ಲೆಕ್ಕ ಅವರಿಗೆ ಗೊತ್ತು. ಕೊನೆಗೆ ಚಿತ್ರ ಉಪದೇಶದ ಕಡೆ ವಾಲಿದ್ದೊಂದೇ ಬೇಸರ.

ಹಾಗಾದರೆ ತೆರೆಗೆ ಬಾರದೆ ಉಳಿದದ್ದು ಯಾವುದು? ದೈವ, ಸಮುದ್ರ, ರೌಡಿ ಬಿಟ್ಟರೆ ಈ ಜಿಲ್ಲೆಯಲ್ಲಿ ಬದುಕೇ ಇಲ್ಲವೇನೋ ಎಂದು ಹೊರಗಿನವರು ತಿಳಿದಾರು. ಕಾರ್ಕಳ ಎಂದರೆ 42 ಅಡಿಯ ಗೊಮ್ಮಟನ ಸುತ್ತ ಹಾರುವ ಡ್ರೋನು. ಮೊರ ತೊಡೆಯ ಮೇಲಿಟ್ಟು ಬೀಡಿ ಕಟ್ಟಿ, ಬ್ರಾಂಚಿನಲ್ಲಿ ಎಣಿಸಿ ಕೊಟ್ಟು, ಆ ದುಡ್ಡಿನಲ್ಲಿ ಮಕ್ಕಳನ್ನು ಓದಿಸಿದ ಹೆಂಗಸರು ಫ್ರೇಮಿನ ಮೂಲೆಯಲ್ಲೂ ಇಲ್ಲ. ಮಣಿಪಾಲವಂತೂ ಪೂರ್ತಿ ಬಿಟ್ಟುಹೋಗಿದೆ. 1953ರಲ್ಲಿ ಕಸ್ತೂರ್ಬಾ ಮೆಡಿಕಲ್ ಕಾಲೇಜು ಎದ್ದ ಆ ಗುಡ್ಡಕ್ಕೆ ಘಟ್ಟದ ಮೇಲಿನಿಂದ ರೋಗಿಯನ್ನು ಕರೆತಂದು, ವಾರ್ಡಿನ ಹೊರಗೆ ಚಾಪೆ ಹಾಸಿ ಕಾಯುವವರ ಕಥೆ ನಾನು ನೋಡಿದ ಯಾವ ಚಿತ್ರದಲ್ಲೂ ಇಲ್ಲ. ದಿನಕ್ಕೆ ಎರಡಾಣೆ ಸಂಗ್ರಹಿಸಿ ಬ್ಯಾಂಕು ಕಟ್ಟಿದ, 1928ರಲ್ಲಿ ಶುರುವಾದ ಪಿಗ್ಮಿಯ ಕಲೆಕ್ಟರನೂ ಇಲ್ಲ. ಊರಿನ ಪ್ರತಿ ಮನೆಯ ಗುಟ್ಟು ಗೊತ್ತಿದ್ದ ಮನುಷ್ಯ ಅವನು. ಚಿತ್ರಕಥೆಗಾರರಿಗೆ ಇನ್ನೇನು ಬೇಕು? ಉಡುಪಿಯಲ್ಲೇ ಹುಟ್ಟಿದ ಕಾರ್ಪೊರೇಶನ್ ಬ್ಯಾಂಕ್, ಸಿಂಡಿಕೇಟ್ ಬ್ಯಾಂಕ್ ಎರಡರ ಹೆಸರೂ 2020ರ ಏಪ್ರಿಲ್ 1ರಂದು ಒಟ್ಟಿಗೇ ವಿಲೀನವಾಗಿ ಹೋದವು. ದೈವದ ಕಾರಣಿಕಕ್ಕೆ ಕ್ಯಾಮೆರಾ ಇಟ್ಟ ನಿರ್ದೇಶಕರು ಇನ್ನು ಆ ಪಾಸ್‌ಬುಕ್ಕಿನ ಕಡೆಗೂ ಒಮ್ಮೆ ತಿರುಗಿಸಲಿ.