ಕಪ್ಪು ಮಡಕೆಯ ವಯಸ್ಸು

ಅಮೆರಿಕದ ನೈಋತ್ಯ ಭಾಗದ ಪುಯೆಬ್ಲೋ ಜನರ ಮಡಕೆಗಳ ಮಾತು ಬಂದರೆ ಸಾಕು, ‘ಸಾವಿರಾರು ವರ್ಷಗಳಿಂದ ಚೂರೂ ಬದಲಾಗದ ಪರಂಪರೆ’ ಎಂಬ ಹೊಗಳಿಕೆ ಹಿಂದೆಯೇ ಬರುತ್ತದೆ. ಅಂಗಡಿಯವರೂ ಅದನ್ನೇ ಹೇಳುತ್ತಾರೆ, ಕೊಳ್ಳುವವರೂ ಅದನ್ನೇ ನಂಬುತ್ತಾರೆ. ಮಾಡಿದವರಿಗೂ ಸ್ವಂತ ಬುದ್ಧಿ ಇತ್ತು ಎನ್ನುವುದನ್ನೇ ಈ ಹೊಗಳಿಕೆ ಮರೆಸಿಬಿಡುತ್ತದೆ.

ಎಲ್ಲಕ್ಕಿಂತ ಹೆಸರಾದ ಮಾದರಿಯನ್ನೇ ತೆಗೆದುಕೊಳ್ಳಿ. ಕನ್ನಡಿಯಂತೆ ಹೊಳೆಯುವ ಕಪ್ಪು ಮೈ, ಅದರ ಮೇಲೆ ಹೊಳಪಿಲ್ಲದ ಕಪ್ಪು ಚಿತ್ತಾರ. ನ್ಯೂ ಮೆಕ್ಸಿಕೋದ ಸ್ಯಾನ್ ಇಲ್ಡೆಫಾನ್ಸೋದ ಮರಿಯಾ ಮಾರ್ಟಿನೆಜ್, ಅವರ ಗಂಡ ಜೂಲಿಯನ್ ಇದನ್ನು ಕಂಡುಕೊಂಡದ್ದು 1919ರ ಆಸುಪಾಸಿನಲ್ಲಿ. ಬರೀ ಹೊಳಪಿನ ಕಪ್ಪು ಮಡಕೆ ಆ ಕಡೆ ಮೊದಲೇ ಇತ್ತು. ಕಪ್ಪಿನ ಮೇಲೆ ಕಪ್ಪು ಬರೆಯುವ ಯೋಚನೆ ಇವರದು.

ತಿಗರಿ ಅಲ್ಲಿಲ್ಲ. ಮಣ್ಣಿಗೆ ಜ್ವಾಲಾಮುಖಿಯ ಬೂದಿ ಬೆರೆಸಿ, ಹೊಸೆದ ಸುರುಳಿಗಳನ್ನು ಒಂದರ ಮೇಲೊಂದು ಏರಿಸಿ, ಸೋರೆಬುರುಡೆಯ ಚೂರಿನಿಂದ ಹೆರೆದು ಮರಿಯಾ ಮಡಕೆ ಎಬ್ಬಿಸುತ್ತಿದ್ದರು. ಒಣಗಿದ ಮೇಲೆ ಕೆಮ್ಮಣ್ಣಿನ ತಿಳಿ ಬಳಿದು, ಅದು ಪೂರ್ತಿ ಆರುವ ಮುನ್ನ ನುಣುಪುಗಲ್ಲಿನಿಂದ ಉಜ್ಜಬೇಕು. ನಡುವೆ ಕೈ ಬಿಟ್ಟರೆ ಹೊಳಪು ಒಂದೇ ಸಮ ಬರುವುದಿಲ್ಲ. ಅದರ ಮೇಲೆ ಜೂಲಿಯನ್ ಯಕ್ಕಾ ಎಲೆಯ ಕುಂಚದಿಂದ, ಮಣ್ಣಿನ ತಿಳಿಯಲ್ಲೇ, ಅವನ್ಯು ಎಂಬ ಕೊಂಬಿನ ಜಲಸರ್ಪವನ್ನೋ ಗರಿಗಳ ಸಾಲನ್ನೋ ಬರೆಯುತ್ತಿದ್ದರು. ಸುಡುವಾಗ ಬೆಂಕಿ ಹದಕ್ಕೆ ಬಂದೊಡನೆ ಪುಡಿ ಮಾಡಿದ ಕುದುರೆ ಲದ್ದಿ ಸುರಿದು ಗಾಳಿಯಾಡದಂತೆ ಮುಚ್ಚುತ್ತಿದ್ದರು. ಆಮ್ಲಜನಕ ಸಿಗದೆ ಮಣ್ಣಿನೊಳಗಿನ ಕಬ್ಬಿಣ ಕಪ್ಪಾಗುತ್ತದೆ. ಗಾಳಿ ಬಿಟ್ಟಿದ್ದರೆ ಅದೇ ಮಡಕೆ ಕೆಂಪು.

ಆದರೆ ಆ ಕುದುರೆ ಎಲ್ಲಿಂದ ಬಂತು? ಸ್ಪೇನಿನವರ ಜೊತೆ, 16ನೇ ಶತಮಾನದಲ್ಲಿ. ಸುಡುವ ಉರುವಲಿಗೆ ಬೆರಣಿ ಕೊಟ್ಟ ದನಗಳೂ ಅವರ ಹಿಂದೆಯೇ ಬಂದವು. ಉರಿ ನೇರವಾಗಿ ತಾಗದಿರಲೆಂದು ಮಡಕೆಗಳ ಸುತ್ತ ಇಡುತ್ತಿದ್ದುದು ಹಳೆಯ ತಗಡು. ಕರೆಂಟಿನ ಆವಿಗೆಯಲ್ಲಿ ಸುಟ್ಟರೆ ಪರಂಪರೆ ಕೆಟ್ಟಿತೆಂದು ಮೂಗು ಮುರಿಯುವ ಸಂಗ್ರಾಹಕರ ಕಣ್ಣಿಗೆ ಆ ತಗಡು ಮಾತ್ರ ಬೀಳುವುದಿಲ್ಲ!

ಇನ್ನು ಕೆಲವರದು ತದ್ವಿರುದ್ಧ ಆಕ್ಷೇಪ: ಇದು ಪ್ರವಾಸಿಗರಿಗೆಂದು ಮಾಡಿದ ಸರಕು, ಆದ್ದರಿಂದ ಅಸಲಿಯಲ್ಲ. ಮಾರುವುದಕ್ಕೆಂದೇ ಮಾಡಿದ್ದು ಹೌದು. ಕಡಿಮೆ ಶಾಖದಲ್ಲಿ ಸುಟ್ಟ ಈ ಮಡಕೆಯಲ್ಲಿ ನೀರು ತುಂಬಿಟ್ಟರೆ ಜಿನುಗುತ್ತದೆ, ಹೊಳಪೂ ಕೆಡುತ್ತದೆ. 1880ರಲ್ಲಿ ರೈಲು ಬಂತು. ಕಾರ್ಖಾನೆಯ ಪಾತ್ರೆಗಳು ಅಡುಗೆಮನೆ ಸೇರಿದವು. ನೀರು ತರುವ ಕೆಲಸ ತಪ್ಪಿದ ಮಡಕೆಗೆ ಇನ್ನೊಂದು ಕೆಲಸ ಹುಡುಕಿಕೊಟ್ಟದ್ದು ಹೇಗೆ ತಪ್ಪಾದೀತು? ಆ ಹುಡುಕಾಟದ ಶ್ರೇಯಸ್ಸನ್ನು ಹಳೆಯ ಚೂರುಗಳನ್ನು ತೋರಿಸಿ ಮರಿಯಾರಿಂದ ಮಡಕೆ ಮಾಡಿಸಿದ ಪುರಾತತ್ತ್ವಜ್ಞ ಎಡ್ಗರ್ ಹೆವೆಟ್ ಅವರಿಗೇ ಕಟ್ಟುವುದು ನನಗೆ ಒಪ್ಪಿಗೆಯಿಲ್ಲ. ಚೂರು ತೋರಿಸಿದವರು ಅವರು, ಅಷ್ಟೆ.

1920ರ ದಶಕದಲ್ಲಿ ಮರಿಯಾ ಮಡಕೆಯ ತಳಕ್ಕೆ ಸಹಿ ಹಾಕತೊಡಗಿದರು. ಸಹಿ ಇದ್ದರೆ ಬೆಲೆ ಹೆಚ್ಚೆಂದು ತಿಳಿದ ನೆರೆಯವರು ಕೇಳಿದಾಗ ಅವರ ಮಡಕೆಗಳಿಗೂ ಹಾಕಿಕೊಟ್ಟರು. ಇದು ಗೊತ್ತಾದಾಗ ಕೊಳ್ಳುವವರು ಕಂಗಾಲಾದರು. ಇಡೀ ಊರಿನ ಪರಂಪರೆ ಎಂದು ಹೊಗಳಿ ಮಾರುತ್ತಿದ್ದ ಮಾರುಕಟ್ಟೆಗೆ, ಊರಿನವರು ಅದೇ ಮಾತನ್ನು ನಿಜವೆಂದು ನಡೆಸಿದ್ದು ಸಹಿಸಲಾಗಲಿಲ್ಲ.