ಹಲ್ಲುದುರಿದ ಬಾಯಿಯ ಪದ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯ ಸೋಬಾನೆ ಪದಗಳೆಂದರೆ ಹಸೆಗೆ ಕರೆಯುವುದು, ತವರಿನ ಹಂಬಲ, ಮಡಿಲಿಗೆ ಅಕ್ಕಿ-ಕೊಬ್ಬರಿ ತುಂಬುವುದು ಇವೇ ಎಲ್ಲರಿಗೂ ನೆನಪಾಗುತ್ತವೆ. ಮುಪ್ಪಿನ ವಿಚಾರಕ್ಕೆ ಆ ಪದಗಳು ಏನನ್ನುತ್ತವೆ ಎಂದು ಕೇಳಿದವರು ಕಡಿಮೆ. ನನ್ನ ಮಟ್ಟಿಗೆ ಅವುಗಳ ಅತ್ಯುತ್ತಮ ಗಳಿಗೆ ಇರುವುದು ಅಲ್ಲೇ, ವಯಸ್ಸಾದ ಬೀಗಿತ್ತಿಯನ್ನು ಗೇಲಿ ಮಾಡುವ ಬೀಗರ ಪದದಲ್ಲಿ.

ಉಣ್ಣುವ ಬಗೆ, ನಡಿಗೆ, ಹೊಟ್ಟೆ, ಹಲ್ಲು ಯಾವುದನ್ನೂ ಬೀಗರ ಪದ ಬಿಡುವುದಿಲ್ಲ. ಒಬ್ಬಾಕೆ ಪದ ಎತ್ತಿಕೊಡುತ್ತಾಳೆ, ಉಳಿದವರು ಸೊಲ್ಲು ಹಿಡಿಯುತ್ತಾರೆ. ಎತ್ತಿಕೊಡುವಾಕೆ ಸಾಮಾನ್ಯವಾಗಿ ಗುಂಪಿಗೇ ಹಿರಿಯಳು. ಬೀಗಿತ್ತಿಯ ನರೆಗೂದಲನ್ನು ಆಡಿಕೊಳ್ಳುವವಳ ತಲೆಯೂ ನರೆತಿದೆ. ಪದದ ಜೀವವೆಲ್ಲ ಇದರಲ್ಲಿದೆ. ಇಪ್ಪತ್ತರ ಹುಡುಗಿ ಅದೇ ಸಾಲು ಹೇಳಿದರೆ ಅದು ಅವಮಾನ. ಎಪ್ಪತ್ತರವಳು ಹೇಳಿದಾಗ ಚಪ್ಪರದಲ್ಲಿ ಕೂತವರ ಕಣ್ಣು ಇಬ್ಬರ ಬಾಯಿಯ ಮೇಲೂ ಓಡುತ್ತದೆ, ಬೀಗಿತ್ತಿಯೇ ಮೊದಲು ನಕ್ಕು ತಿರುಗಿ ಪದ ಕಟ್ಟುತ್ತಾಳೆ. ಎದುರಿನವಳ ಸೀರೆ, ಊರು, ಹೆಸರು ಹಿಡಿದು ಥಟ್ಟನೆ ಸಾಲು ಜೋಡಿಸುವ ಈ ಜಾಣ್ಮೆ ಎಳೆಯರಿಗೆ ದಕ್ಕುವಂಥದ್ದಲ್ಲ. ಕಾಯಿ ಅಟ್ಟದ ಮೇಲೆ ಹತ್ತು ಹನ್ನೊಂದು ತಿಂಗಳು ಕೂತು, ನೀರೆಲ್ಲ ಇಂಗಿ, ಚಿಪ್ಪಿನೊಳಗೆ ಗಡಗಡ ಸದ್ದು ಮಾಡುವ ಉಂಡೆ ಕೊಬ್ಬರಿಯಾಗುತ್ತದಲ್ಲ, ಹಾಗೆ ಬಲಿತು ಬಂದದ್ದು ಅದು.

ಬಸವಣ್ಣನವರ ಪ್ರಸಿದ್ಧ ವಚನವೊಂದು ನರೆ, ಸುಕ್ಕು, ಉದುರಿದ ಹಲ್ಲು, ಬಾಗಿದ ಬೆನ್ನುಗಳನ್ನು ಒಂದೊಂದಾಗಿ ಹೇಳಿ, ಅವು ಬರುವ ಮೊದಲೇ ಕೂಡಲಸಂಗನನ್ನು ಪೂಜಿಸೆಂದು ಎಚ್ಚರಿಸುತ್ತದೆ. ದೊಡ್ಡ ಕವಿತೆ ಅದು. ಆದರೆ ಮುಪ್ಪು ಅಲ್ಲಿ ಇನ್ನೂ ದೂರದಲ್ಲಿ ನಿಂತಿದೆ. ಬೀಗರ ಪದದ ಅಜ್ಜಿಗೆ ಅದು ಆಗಲೇ ಬಂದಾಗಿದೆ. ಅದೇ ಹಲ್ಲು, ಅದೇ ಬೆನ್ನು ಅವಳ ಬಾಯಲ್ಲಿ ಜಂಬದ ಸರಕು. ಬಾಳಿ ತೋರಿಸಿದವಳ ಜಂಬ, ಅದಕ್ಕೆ ನಾನು ತಲೆಬಾಗುತ್ತೇನೆ.

ಎಲ್ಲ ಪದಗಳೂ ಈ ಎತ್ತರ ಮುಟ್ಟುವುದಿಲ್ಲ. ಮೈಬಣ್ಣ ಹಿಡಿದು, ಕುಂಟುಕಾಲು ಹಿಡಿದು ಹಂಗಿಸುವ ಸಾಲುಗಳು ಬರೀ ಒರಟು. ಅದಕ್ಕಿಂತ ನೋಯಿಸುವುದು ಆಚರಣೆಯ ಕಟ್ಟುಪಾಡು: ಎಷ್ಟೋ ಮನೆಗಳಲ್ಲಿ ಗಂಡನನ್ನು ಕಳೆದುಕೊಂಡವಳಿಗೆ ಹಸೆಯ ಹತ್ತಿರ ಜಾಗವಿರಲಿಲ್ಲ. ನೂರಾರು ಪದ ಬಲ್ಲವಳು ನಡುಮನೆಯ ಕಂಬದ ಹಿಂದೆ ಕೂತು, ಮರೆತ ಸಾಲನ್ನು ಮುತ್ತೈದೆಯರಿಗೆ ಹೇಳಿಕೊಡಬೇಕಿತ್ತು. ಮುಪ್ಪನ್ನು ಇಷ್ಟು ಧೈರ್ಯವಾಗಿ ಹಾಡಿದ ಪರಂಪರೆ ತನ್ನ ಹಿರಿಯ ಹಾಡುಗಾತಿಗೇ ಮಾಡಿದ ಅನ್ಯಾಯ ಇದು.

ಈ ಪದಗಳು ಪುಸ್ತಕಕ್ಕೆ ಬಂದದ್ದು ಮತಿಘಟ್ಟ ಕೃಷ್ಣಮೂರ್ತಿಯವರಂಥ ಸಂಗ್ರಾಹಕರ ದುಡಿಮೆಯಿಂದ; ಅವರು ಚಿಕ್ಕನಾಯಕನಹಳ್ಳಿ ತಾಲ್ಲೂಕಿನವರೇ. ಆ ಋಣ ದೊಡ್ಡದು. ಆದರೂ ಅಚ್ಚಿನಲ್ಲಿ ಸಾಲು ಉಳಿಯುತ್ತದೆ, ಹೇಳಿದವಳ ವಯಸ್ಸು, ನಡುವಿನ ನಗೆ, ಎದುರು ಗುಂಪಿನ ಜವಾಬು ಜಾರಿಹೋಗುತ್ತವೆ. ಮುಪ್ಪಿನ ಪದಕ್ಕೆ ಇದು ಪ್ರಾಣವೇ ಹೋದ ಹಾಗೆ. ಚಳ್ಳಕೆರೆ ಸೀಮೆಯ ಸಿರಿಯಜ್ಜಿಯ ಪದಗಳನ್ನು ಕೃಷ್ಣಮೂರ್ತಿ ಹನೂರು ‘ಸಾವಿರದ ಸಿರಿಬೆಳಗು’ ಎಂದು ತಂದಾಗ ಹಾಡು ಹಾಡುಗಾತಿಯ ಹೆಸರಿನ ಜೊತೆ ನಿಂತಿತು. ನಮ್ಮ ಸೀಮೆಗೂ ಅಂಥದ್ದು ಬೇಕು. ಇನ್ನು ಕೀಬೋರ್ಡು, ರಿದಂ ಪ್ಯಾಡು ಹಾಕಿ ಎಳೆಗಂಟಲಲ್ಲಿ ಹಾಡಿಸಿದ ಧ್ವನಿಮುದ್ರಣಗಳಿವೆ. ಕುಣಿಯಲು ಚೆನ್ನ, ಆದರೆ ಅಜ್ಜಿಯ ಮಾತು ಅವುಗಳಲ್ಲಿ ಸುಳ್ಳಾಗಿ ಕೇಳುತ್ತದೆ.

ನಿಮ್ಮ ಮನೆಯಲ್ಲಿ ಪದ ಬಲ್ಲ ಹಿರಿಯರಿದ್ದರೆ, ಅವರನ್ನು ಕೇಳಿಕೊಂಡು, ಮುಂದಿನ ಮದುವೆಯಲ್ಲಿ ಮೊಬೈಲು ಹಿಡಿದು ಹತ್ತಿರ ಕೂರಿ. ಹಾಡಿನ ಜೊತೆ ಕೆಮ್ಮು, ನಗು, ಮರೆತು ಮತ್ತೆ ಹಿಡಿದ ಸಾಲು ಎಲ್ಲವನ್ನೂ ಮುದ್ರಿಸಿಕೊಳ್ಳಿ. ಅವರ ಹೆಸರು, ಊರು, ವಯಸ್ಸನ್ನು ಮರೆಯದೆ ಬರೆದಿಡಿ.