ತೂತಿನ ಕೇಂದ್ರಕ್ಕೆ ಎಷ್ಟು ಸಲಿಗೆ?

ಬೀದರಿನ ಬಿದ್ರಿ ಕೆಲಸದಲ್ಲಿ ಬಳ್ಳಿಯ ಗೆರೆ ತುಸು ಆಚೀಚೆ ಸರಿದರೂ ನಡೆಯುತ್ತದೆ. ಉಳಿಯಿಂದ ಕೊರೆದ ಕಚ್ಚನ್ನು ನೋಡಿಕೊಂಡೇ ಬೆಳ್ಳಿ ತಂತಿ ಕೂರಿಸುತ್ತಾರೆ. ಯಂತ್ರದ ಭಾಗಗಳಿಗೆ ಆ ಅನುಕೂಲವಿಲ್ಲ. ಒಂದೂರಿನಲ್ಲಿ ಕೊರೆದ ಪ್ಲೇಟು ಎಂದೂ ಕಾಣದ ಇನ್ನೊಂದೂರಿನ ಪಂಪಿನ ಮೇಲೆ ಕೂರಬೇಕು, ನಾಲ್ಕೂ ಬೋಲ್ಟು ತಾವಾಗಿ ಇಳಿಯಬೇಕು. ಆ ಭರವಸೆ ಕೊಡುವುದು ಡ್ರಾಯಿಂಗಿನ ಪೊಸಿಷನ್ ಟಾಲರೆನ್ಸ್.

ಭಾಲ್ಕಿಯಲ್ಲಿ 1982ರಿಂದಲೇ ಇಂಜಿನಿಯರಿಂಗ್ ಕಾಲೇಜಿದೆ. ಅಲ್ಲಿ ಮೆಕ್ಯಾನಿಕಲ್ ಸೇರಿದ ಹುಡುಗ ಹುಡುಗಿಯರಿಗೆ ನನ್ನದೊಂದು ಮಾತು: ಡ್ರಾಯಿಂಗ್ ಕೈಗೆ ಬಂದಾಗ ಅಳತೆಗಳನ್ನು ಆಮೇಲೆ ನೋಡಿ, ಮೊದಲು ಎ, ಬಿ, ಸಿ ಎಂಬ ಡೇಟಮ್‌ಗಳನ್ನು ಹುಡುಕಿ. ಭಾಗ ಯಾವ ಮೈ ಊರಿ ಕೂರುತ್ತದೆ, ಯಾವ ಅಂಚಿಗೆ ಒರಗುತ್ತದೆ ಎಂದು ಅವೇ ಹೇಳುತ್ತವೆ. ಅದು ತಿಳಿಯದೆ ತೂತಿನ ಜಾಗ ಅಳೆಯಹೊರಟರೆ ಎಲ್ಲಿಂದ ಅಳೆಯುವುದು?

ನಂತರ ಸಾಲಾಗಿ ನಿಂತ ಪುಟ್ಟ ಚೌಕಗಳನ್ನು ಓದಿ. ಮೊದಲನೆಯದರಲ್ಲಿ ವೃತ್ತದೊಳಗೆ ಕೂಡುಗೆರೆಯಿದ್ದರೆ ಅದು ಸ್ಥಾನದ ಗುರುತು. ಪಕ್ಕದಲ್ಲಿ ವ್ಯಾಸದ ಚಿಹ್ನೆಯ ಜೊತೆ 0.2 ಎಂದಿದ್ದರೆ, ತೂತಿನ ನಡುಗೆರೆ 0.2 ಮಿ.ಮೀ. ವ್ಯಾಸದ ಉರುಟು ಜಾಗದೊಳಗೆ ಇರಬೇಕು.

ಉರುಟೇ ಏಕೆ? ಹಳೆಯ ಪದ್ಧತಿಯಂತೆ ಎರಡೂ ದಿಕ್ಕಿಗೆ ±0.1 ಎಂದು ಬರೆದರೆ ಕೇಂದ್ರಕ್ಕೆ ಸಿಗುವುದು ಚೌಕ. ಅದರ ಮೂಲೆಯಲ್ಲಿ ಕೇಂದ್ರ 0.141ರಷ್ಟು ದೂರ ಹೋಗಬಹುದು, ನೇರ ಬದಿಗೆ 0.1 ಮಾತ್ರ. ಬೋಲ್ಟು ಗುಂಡಗಿದೆ; ಮೂಲೆಗೊಂದು ಬದಿಗೊಂದು ನ್ಯಾಯ ಅದಕ್ಕೆ ಬೇಡ. ಮೂಲೆಯಲ್ಲಿ ಒಪ್ಪುವುದನ್ನು ಎಲ್ಲ ದಿಕ್ಕಿಗೂ ಒಪ್ಪಿದರೆ 0.283 ವ್ಯಾಸದ ವೃತ್ತವಾಗುತ್ತದೆ, ಜಾಗ ಶೇ. 57ರಷ್ಟು ಹಿಗ್ಗುತ್ತದೆ. ಸ್ಕಾಟ್ಲೆಂಡಿನ ಟಾರ್ಪಿಡೊ ಕಾರ್ಖಾನೆಯಲ್ಲಿದ್ದ ಸ್ಟ್ಯಾನ್ಲಿ ಪಾರ್ಕರ್ ಇದನ್ನು ಮನಗಂಡರು. ಕೆಲಸಕ್ಕೆ ಬರುವ ಎಷ್ಟೋ ಭಾಗಗಳು ಗುಜರಿಗೆ ಹೋಗುವುದನ್ನು ತಪ್ಪಿಸಿದ ಈ ವಿಚಾರ ನನಗೆ ಬಲು ಇಷ್ಟ.

0.2ರ ಪಕ್ಕ ವೃತ್ತದೊಳಗೆ ಎಂ ಅಕ್ಷರವಿದ್ದರೆ ಇನ್ನಷ್ಟು ಸಲಿಗೆ. ತೂತು 10.0ರಿಂದ 10.2ರವರೆಗೆ ಇರಬಹುದು ಎಂದುಕೊಳ್ಳಿ. 10.0 ಇದ್ದಾಗ 0.2 ಮಾತ್ರ, ತೂತು ಎಷ್ಟು ದೊಡ್ಡದಾಯಿತೋ ಅಷ್ಟೂ ಇದಕ್ಕೆ ಕೂಡುತ್ತದೆ.

ಈಗೊಂದು ಲೆಕ್ಕ ಮಾಡಿ. ಕೇಂದ್ರ ಒಂದು ದಿಕ್ಕಿಗೆ 0.09, ಇನ್ನೊಂದು ದಿಕ್ಕಿಗೆ 0.12 ಸರಿದಿದೆ. ಓರೆ ದೂರ 0.15. ಟಾಲರೆನ್ಸ್ ಹೇಳಿರುವುದು ವ್ಯಾಸದಲ್ಲಿ, ಆದ್ದರಿಂದ ದುಪ್ಪಟ್ಟು ಮಾಡಿ: 0.30. ತೂತು 10.0 ಇದ್ದರೆ ಭಾಗ ತಿರಸ್ಕೃತ. ಅದೇ 10.1 ಇದ್ದರೆ ಧೈರ್ಯವಾಗಿ ಪಾಸು ಮಾಡಿ.